ಫೋರ್ಡ್ ಎಫ್-250, 7.3 ಲೀಟರ್ ಪೆಟ್ರೋಲ್: ಐದನೆಯ ವರ್ಷದ ಮೈಲೇಜ್ ಲೆಕ್ಕ

ಅಂಕಿಯನ್ನೇ ಮೊದಲು ಹೇಳಿಬಿಡುತ್ತೇನೆ. ಖಾಲಿ ಟ್ರಕ್ಕು, ಸಮತಟ್ಟಾದ ಹೆದ್ದಾರಿ, ಗಂಟೆಗೆ 65 ಮೈಲಿ ವೇಗ, ಗಾಳಿ ಇಲ್ಲದ ದಿನ: ಗ್ಯಾಲನ್ನಿಗೆ 15ರಿಂದ 16 ಮೈಲಿ. ಅಂಗಡಿ, ಶಾಲೆ, ಕಚೇರಿ ಎಂದು ಊರೊಳಗಿನ ಓಡಾಟವೂ ಸೇರಿದರೆ 12ರ ಆಸುಪಾಸು. ಹಿಂದೆ ಟ್ರಾವೆಲ್ ಟ್ರೇಲರ್, ಅಂದರೆ ಎಳೆದೊಯ್ಯುವ ಗಾಲಿಮನೆ ಕಟ್ಟಿದರೆ 8ರಿಂದ 9. ನಮ್ಮ ಲೆಕ್ಕಕ್ಕೆ ತಂದರೆ ಲೀಟರಿಗೆ ಸುಮಾರು ಆರೂವರೆ, ಐದು ಮತ್ತು ಮೂರೂವರೆ ಕಿಲೋಮೀಟರ್. ಊರಿನಿಂದ ಅಪ್ಪ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ಕೊಡುತ್ತದೆ?" ಎಂಬುದು. ಉತ್ತರ ಕೇಳಿ, "ಲಾರಿಯೂ ಅಷ್ಟು ಕೊಡುತ್ತದಲ್ಲಪ್ಪ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನನ್ನದು 2020ರ ಮಾದರಿ. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್, ಫೋರ್ ವೀಲ್ ಡ್ರೈವ್, ಹತ್ತು ಗೇರಿನ ಆಟೋಮ್ಯಾಟಿಕ್, 3.73 ಆಕ್ಸಲ್ (ಆಕ್ಸಲ್ಲಿನ ಗೇರು ಅನುಪಾತ). ನಾವು ಕೊಲರಾಡೊದಲ್ಲಿ, ಡೆನ್ವರ್‌ನಿಂದ ಪೂರ್ವಕ್ಕೆ ಬಯಲು ಶುರುವಾಗುವ ಕಡೆ ಇದ್ದೇವೆ. ಮಣ್ಣು, ಗೊಬ್ಬರ, ಸೌದೆ ಹೇರುವುದಕ್ಕೆ, ಬೇಸಿಗೆಯಲ್ಲಿ ಟ್ರೇಲರ್ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವುದಕ್ಕೆ ಈ ಟ್ರಕ್ಕು ಬೇಕಾಗಿತ್ತು. ಐದನೆಯ ವರ್ಷ ನಡೆಯುತ್ತಿದೆ.

ಕೊಳ್ಳುವವರಿಗೆ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸುವ ಮೈಲೇಜ್ ಚೀಟಿ ಈ ವರ್ಗದ ಪಿಕಪ್‌ಗಳಿಗೆ ಇರುವುದೇ ಇಲ್ಲ. ವಾಹನದ ತೂಕ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಸೇರಿ 8,500 ಪೌಂಡ್, ಅಂದರೆ ಸುಮಾರು 3,855 ಕಿಲೋ ದಾಟಿದರೆ ಪಿಕಪ್‌ಗೆ ಆ ಚೀಟಿ ಕಡ್ಡಾಯವಲ್ಲ. ಪಕ್ಕದಲ್ಲೇ ನಿಂತ, ಇದಕ್ಕಿಂತ ಹಗುರವಾದ ಫೋರ್ಡ್ ಪಿಕಪ್ ಎಫ್-150ಕ್ಕೆ ಸರ್ಕಾರಿ ಪರೀಕ್ಷೆಯ ಅಂಕಿ ಇರುತ್ತದೆ, ಎಫ್-250ಕ್ಕೆ ಇರುವುದಿಲ್ಲ. ಆ ಖಾಲಿ ಜಾಗವನ್ನು ಮಾರುವವರ ಬಾಯಿ ತುಂಬುತ್ತದೆ. ನಾನು ವಿಚಾರಿಸಿದ ಒಂದು ಮಳಿಗೆಯಲ್ಲಿ "ಹೆದ್ದಾರಿಯಲ್ಲಿ 18 ಕಣ್ಣು ಮುಚ್ಚಿಕೊಂಡು ಬರುತ್ತದೆ" ಎಂದಿದ್ದರು. ನನ್ನ ಟ್ರಕ್ಕಿನಲ್ಲಿ ಇಡೀ ಟ್ಯಾಂಕಿನ ಸರಾಸರಿ 18 ಬಂದದ್ದು ಒಮ್ಮೆಯೂ ಇಲ್ಲ. ಐವತ್ತು, ಅರವತ್ತು ಸಾವಿರ ಡಾಲರ್ ಕೊಟ್ಟು ಕೊಳ್ಳುವ ವಸ್ತುವಿನ ಬಗ್ಗೆ ಇಷ್ಟು ಮುಖ್ಯವಾದ ಮಾಹಿತಿ ಬಾಯಿಮಾತಿನ ಮೇಲೆ ನಿಂತಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನಾನು ಹೇಳುತ್ತೇನೆ.

ಹಾಗಾಗಿ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕು. ಯಾವ ಕಂಪನಿಯ ವಾಹನವಾದರೂ ಪರದೆಯ ಮೇಲಿನ ಸರಾಸರಿ ಒಂದು ಅಂದಾಜು ಮಾತ್ರ. ನಾನು ಸಾಧ್ಯವಾದಷ್ಟೂ ಒಂದೇ ಬಂಕಿನ ಒಂದೇ ಪಂಪಿನಲ್ಲಿ ತುಂಬಿಸುತ್ತೇನೆ. ನಳಿಕೆ ಮೊದಲ ಸಲ ಟಕ್ಕೆಂದು ನಿಂತಾಗ ಅಲ್ಲಿಗೇ ಬಿಡುತ್ತೇನೆ, ಇನ್ನಷ್ಟು ಹಿಂಡುವುದಿಲ್ಲ. ರಸೀದಿಯ ಬೆನ್ನಿಗೆ ಓಡೋಮೀಟರ್ ಅಂಕಿ, ಟ್ರೇಲರ್ ಇತ್ತೋ ಇಲ್ಲವೋ, ಎದುರುಗಾಳಿ ಇತ್ತೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಒಂದು ಟ್ಯಾಂಕಿನ ಅಂಕಿ ಏನನ್ನೂ ಹೇಳುವುದಿಲ್ಲ. ನಾಲ್ಕೈದು ಟ್ಯಾಂಕುಗಳ ಸರಾಸರಿ ಹಿಡಿದರೆ ನಿಜ ಹೊರಬರುತ್ತದೆ. ಬೇರೆಯವರ ಅಂಕಿ ಕೇಳುವಾಗ ಅವರ ಟೈರನ್ನೂ ವಿಚಾರಿಸಿ. ಕಾರ್ಖಾನೆಯ ಅಳತೆಗಿಂತ ದೊಡ್ಡ ಟೈರು ಹಾಕಿ ಮೀಟರನ್ನು ಸರಿಪಡಿಸದಿದ್ದರೆ ಓಡಿದ ಮೈಲಿ ಕಡಿಮೆ ತೋರುತ್ತದೆ, ಅದರಿಂದ ಬರುವ ಮೈಲೇಜೂ ಸುಳ್ಳು.

ಖಾಲಿ ಓಡಿಸಿದರೂ ಇದು ಏಕೆ ಇಷ್ಟು ಕುಡಿಯುತ್ತದೆ? ತೂಕ ಒಂದು ಕಾರಣ, ಟ್ರಕ್ಕೇ ಮೂರು ಟನ್ ಇದೆ. ದೊಡ್ಡ ಕಾರಣ ಎಂಜಿನ್ನಿನ ಸ್ವಭಾವದಲ್ಲಿದೆ. 7.3 ಲೀಟರಿನ ಎಂಟು ಸಿಲಿಂಡರ್, ಬೀಡು ಕಬ್ಬಿಣದ ಬ್ಲಾಕು, 430 ಅಶ್ವಶಕ್ತಿ. ಖಾಲಿ ಟ್ರಕ್ಕನ್ನು 65ರಲ್ಲಿ ಓಡಿಸಲು ಅದರಲ್ಲಿ ಸಣ್ಣ ಪಾಲು ಸಾಕು. ಆಗ ಥ್ರಾಟಲ್, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟ, ಮುಕ್ಕಾಲು ಮುಚ್ಚಿರುತ್ತದೆ, ಅಷ್ಟು ದೊಡ್ಡ ಎಂಜಿನ್ನು ಆ ಸಂದಿಯಿಂದಲೇ ಗಾಳಿ ಎಳೆದುಕೊಳ್ಳಬೇಕು. ಹಿಂಡಿ ಹಿಡಿದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ, ಹೀರುವುದಕ್ಕೇ ಶಕ್ತಿ ವ್ಯಯವಾಗುತ್ತದೆ. ಡೀಸೆಲ್ ಎಂಜಿನ್ನು ಹೀಗೆ ಗಾಳಿಯನ್ನು ಕತ್ತರಿಸಿ ಶಕ್ತಿ ನಿಯಂತ್ರಿಸುವುದಿಲ್ಲ, ಹಗುರವಾಗಿ ಓಡುವಾಗ ಅದು ಮುಂದಿರುವುದಕ್ಕೆ ಇದೂ ಒಂದು ಕಾರಣ. ಹಗುರ ಓಟದಲ್ಲಿ ಕೆಲವು ಸಿಲಿಂಡರ್‌ಗಳನ್ನು ಮಲಗಿಸುವ ವ್ಯವಸ್ಥೆ ಫೋರ್ಡಿನ 7.3ರಲ್ಲಿ ಇಲ್ಲ, ರ‍್ಯಾಮ್ 2500 ಪಿಕಪ್ಪಿನ 6.4 ಲೀಟರ್ ಹೆಮಿ ಎಂಜಿನ್ನಿನಲ್ಲಿ ಇದೆ. ಟೆಕ್ಸಾಸಿನಲ್ಲಿರುವ ನನ್ನ ಭಾವಮೈದುನನ ಬಳಿ ಆ ರ‍್ಯಾಮ್ ಇದೆ. ಇಬ್ಬರೂ ಲೆಕ್ಕ ಹೋಲಿಸಿದರೆ ವ್ಯತ್ಯಾಸ ಒಂದು ಮೈಲಿಯನ್ನು ದಾಟುವುದಿಲ್ಲ. ಎಂಜಿನ್ನಿನ ಹೆಸರಿಗಿಂತ ನಮ್ಮ ಬಲಗಾಲಿನ ಪ್ರಭಾವ ದೊಡ್ಡದು ಎಂದು ಇಬ್ಬರಿಗೂ ಮನವರಿಕೆಯಾಗಿದೆ.

ಟ್ರೇಲರ್ ಕಟ್ಟಿದ ಮೇಲಂತೂ ಆಟವೆಲ್ಲ ಗಾಳಿಯದು. ನಮ್ಮ ಟ್ರೇಲರ್‌ನಲ್ಲಿ ಮಂಚ, ಅಡುಗೆಮನೆ, ನೀರಿನ ಟ್ಯಾಂಕು ಎಲ್ಲ ಇದ್ದರೂ ತೂಕದಿಂದ ಅಷ್ಟು ತೊಂದರೆ ಇಲ್ಲ. ಅದರ ಮುಂಭಾಗ ಗೋಡೆಯ ಹಾಗೆ ನಿಂತಿರುವುದೇ ಸಂಕಟ. ಗಾಳಿಯ ತಡೆ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. 65ರಿಂದ 75ಕ್ಕೆ ಏರಿದರೆ ತಡೆ ಮೂರನೇ ಒಂದು ಭಾಗದಷ್ಟು ಹೆಚ್ಚು. ನೆಬ್ರಾಸ್ಕಾದ ಐ-80 ಹೆದ್ದಾರಿಯಲ್ಲಿ ಉಳಿದ ವಾಹನಗಳ ಜೊತೆಗೇ 75ರಲ್ಲಿ ಓಡಿದರೆ 7ಕ್ಕೆ ಇಳಿಯುತ್ತದೆ, 62ರಲ್ಲಿ ಬಲಪಥ ಹಿಡಿದು ಹೋದರೆ 9 ದಾಟುತ್ತದೆ. ಟ್ರೇಲರ್‌ನ ಟೈರುಗಳಲ್ಲಿ ಅನೇಕವು 65 ಮೈಲಿಗೆ ಮಾತ್ರ ತಯಾರಾದವು ಎಂಬುದನ್ನೂ ಮರೆಯಬಾರದು. ವ್ಯೋಮಿಂಗ್‌ನ ಎಲ್ಕ್ ಮೌಂಟನ್ ಸುತ್ತಮುತ್ತಲಿನ ಗಾಳಿಗೆ ಎದುರಾಗಿ ಹೋದಾಗ 6 ಚಿಲ್ಲರೆಯನ್ನೂ ನೋಡಿದ್ದೇನೆ. ಅದೇ ದಾರಿಯಲ್ಲಿ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುವಾಗ 11. ಟ್ರಕ್ಕೂ ಅದೇ, ಹೊರೆಯೂ ಅದೇ.

ಮೈಲೇಜ್ ಇಷ್ಟು ಕಡಿಮೆ ಇರುವಾಗ ಒಂದೊಂದು ಮೈಲಿಗೂ ಬೆಲೆ ಹೆಚ್ಚು. 15 ಇದ್ದದ್ದು 16 ಆದರೆ ನೂರು ಮೈಲಿಗೆ ಉಳಿಯುವುದು ಅರ್ಧ ಗ್ಯಾಲನ್ನಿಗಿಂತ ಕಡಿಮೆ. 8 ಇದ್ದದ್ದು 9 ಆದರೆ ಸುಮಾರು ಒಂದೂಕಾಲು ಗ್ಯಾಲನ್ನಿಗಿಂತ ಹೆಚ್ಚು ಉಳಿಯುತ್ತದೆ. ಖಾಲಿ ಓಡುವಾಗ ಒಂದು ಮೈಲಿಗಾಗಿ ಪರದಾಡುವವರು ಟ್ರೇಲರ್ ಕಟ್ಟಿದಾಗ ಹತ್ತು ಮೈಲಿ ವೇಗ ಇಳಿಸಿದರೆ ಮೂರು ಪಟ್ಟು ಲಾಭ.

ಬೆಟ್ಟದ ವಿಷಯ ಬೇರೆ. ಕೊಲರಾಡೊದ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ 11,000 ಅಡಿಗೂ ಎತ್ತರದಲ್ಲಿದೆ. ನನ್ನದರಂತೆ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನು ಪ್ರತಿ ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗ ತಲುಪುವಷ್ಟರಲ್ಲಿ ಮೂರನೇ ಒಂದು ಭಾಗ ಕೈಬಿಟ್ಟಿರುತ್ತದೆ. ಗೇರು ಇಳಿಯುತ್ತದೆ, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಮುಳ್ಳು ನಿಮಿಷಕ್ಕೆ 4,000 ದಾಟುತ್ತದೆ, ಆ ಕ್ಷಣದ ಮೈಲೇಜ್ 3, 4 ಎಂದು ತೋರುತ್ತದೆ. ಮೊದಲ ಸಲ ಆ ಸದ್ದಿಗೆ ನನ್ನ ಹೆಂಡತಿ ಹೆದರಿದ್ದಳು. ಹೆದರಬೇಕಾಗಿಲ್ಲ, ಈ ಎಂಜಿನ್ನು ಅಂಥ ಕೆಲಸಕ್ಕೇ ಹುಟ್ಟಿದೆ. ಹತ್ತುವಾಗ ಕಳೆದುಕೊಂಡ ಮೈಲೇಜಿನಲ್ಲಿ ಸ್ವಲ್ಪ ಭಾಗ ಇಳಿಜಾರಿನಲ್ಲಿ ಮರಳಿ ಸಿಗುತ್ತದೆ, ಪೂರ್ತಿ ಸಿಗುವುದಿಲ್ಲ. ಇಲ್ಲಿನ ಬಂಕುಗಳಲ್ಲಿ 85 ಆಕ್ಟೇನ್ ಪೆಟ್ರೋಲನ್ನು ಸಾಮಾನ್ಯ ದರ್ಜೆಯೆಂದು ಮಾರುತ್ತಾರೆ, ನಾನು ಕೈಪಿಡಿ ಹೇಳುವ 87ನ್ನೇ ಹಾಕಿಸುತ್ತೇನೆ. ಚಳಿಗಾಲದಲ್ಲಿ ಊರೊಳಗಿನ ಮೈಲೇಜ್ 10ಕ್ಕೆ ಇಳಿಯುತ್ತದೆ: ತಣ್ಣಗಿನ ಆಯಿಲ್, ಚಿಕ್ಕ ಓಡಾಟ, ಚಳಿಗಾಲದ ಪೆಟ್ರೋಲ್ ಮಿಶ್ರಣ ಎಲ್ಲವೂ ಸೇರಿ.

ಡೀಸೆಲ್ ಏಕೆ ಕೊಳ್ಳಲಿಲ್ಲ ಎಂದು ಕನ್ನಡ ಕೂಟದ ಗೆಳೆಯರು ಇಂದಿಗೂ ಕೇಳುತ್ತಾರೆ. ವರ್ಷಕ್ಕೆ 12,000 ಮೈಲಿ ಓಡಿಸುತ್ತೀರಿ ಎಂದಿಟ್ಟುಕೊಳ್ಳಿ. ಪೆಟ್ರೋಲ್ 12 ಕೊಟ್ಟರೆ ಸಾವಿರ ಗ್ಯಾಲನ್ ಬೇಕು, ಡೀಸೆಲ್ 15 ಕೊಟ್ಟರೆ 800. ಪೆಟ್ರೋಲ್ ಮೂರು ಡಾಲರ್, ಡೀಸೆಲ್ ಮೂರು ಡಾಲರ್ 70 ಸೆಂಟ್ ಇದ್ದರೆ ಖರ್ಚು 3,000 ಮತ್ತು 2,960. ನಲವತ್ತು ಡಾಲರ್ ಉಳಿತಾಯಕ್ಕಾಗಿ ಮೊದಲಿಗೇ ಹತ್ತು ಸಾವಿರದ ಆಸುಪಾಸು ಹೆಚ್ಚು ತೆರಬೇಕು. ಜೊತೆಗೆ ಹೊಗೆ ಶುದ್ಧೀಕರಣದ ಯೂರಿಯಾ ದ್ರವ, ಡೀಸೆಲ್ ಫಿಲ್ಟರ್, ಪೆಟ್ರೋಲ್ ಎಂಜಿನ್ನಿಗೆ 8 ಕ್ವಾರ್ಟ್ (ಒಂದು ಕ್ವಾರ್ಟ್ ಸುಮಾರು ಒಂದು ಲೀಟರ್) ಹಿಡಿಯುವಲ್ಲಿ 13 ಕ್ವಾರ್ಟ್ ಆಯಿಲ್. ವಾರವಾರವೂ ಭಾರೀ ಟ್ರೇಲರ್ ಎಳೆದು ಬೆಟ್ಟ ಹತ್ತಿಳಿಯುವವರ ಮಾತು ಬೇರೆ. ಟರ್ಬೊ ಇರುವುದರಿಂದ ಎತ್ತರದಲ್ಲಿ ಡೀಸೆಲ್ ಎಂಜಿನ್ನು ಅಷ್ಟು ಸೊರಗುವುದಿಲ್ಲ, ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ವೇಗ ತಗ್ಗಿಸುವ ವ್ಯವಸ್ಥೆ) ಕೊಡುವ ಧೈರ್ಯವನ್ನು ಪೆಟ್ರೋಲ್ ಎಂಜಿನ್ನು ಕೊಡಲಾರದು. ಅಂಥವರು ಡೀಸೆಲ್ಲನ್ನೇ ಕೊಳ್ಳಲಿ. ವರ್ಷದ ಬಹುಪಾಲು ಖಾಲಿಯಾಗಿ ಓಡಿಸಿ ಬೇಸಿಗೆಯಲ್ಲಿ ಮಾತ್ರ ಎಳೆಯುವ ನಮ್ಮಂಥವರಿಗೆ ಪೆಟ್ರೋಲೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬರೀ ಆಫೀಸಿಗೆ ಹೋಗಿಬರುವವರಿಗೆ ಈ ವರ್ಗದ ಟ್ರಕ್ಕೇ ಬೇಡ, ಎಫ್-150 ಸಾಕು.

ಮತ್ತೊಮ್ಮೆ ಕೊಳ್ಳುವುದಾದರೆ ಬದಲಿಸುವುದು ಟ್ಯಾಂಕನ್ನು. ಹಿಂದೆ ಸರಕು ಹೇರುವ ತೊಟ್ಟಿ ಆರೂಮುಕ್ಕಾಲು ಅಡಿ ಇರುವ ನನ್ನ ಟ್ರಕ್ಕಿನ ಪೆಟ್ರೋಲ್ ಟ್ಯಾಂಕಿನಲ್ಲಿ 34 ಗ್ಯಾಲನ್ ಹಿಡಿಯುತ್ತದೆ. ಟ್ರೇಲರ್ ಕಟ್ಟಿದಾಗ ಕೊನೆಯ ಹನಿಯವರೆಗೂ ಓಡಿಸಿದರೆ 300 ಮೈಲಿ, ಧೈರ್ಯವಾಗಿ ಲೆಕ್ಕ ಹಾಕಬಹುದಾದದ್ದು 230. ಪಶ್ಚಿಮದ ರಾಜ್ಯಗಳಲ್ಲಿ ಟ್ರೇಲರ್ ಸಮೇತ ಸುಲಭವಾಗಿ ನುಗ್ಗಿ ಹೊರಬರಬಹುದಾದ ಬಂಕು ಬೇಕೆಂದಾಗ ಸಿಗುವುದಿಲ್ಲ. ಎಂಟು ಅಡಿ ತೊಟ್ಟಿಯ ಕ್ರೂ ಕ್ಯಾಬಿನಲ್ಲಿ 48 ಗ್ಯಾಲನ್ನಿನ ಟ್ಯಾಂಕು ಬರುತ್ತದೆ. ಗ್ಯಾರೇಜಿನಲ್ಲಿ ಹಿಡಿಸದಿದ್ದರೂ ಚಿಂತೆಯಿಲ್ಲ, ನಾನು ಅದನ್ನೇ ಕೊಳ್ಳುತ್ತೇನೆ.