ಮನೆಯಲ್ಲೇ ಸಿಗುವ ಇ.ಸಿ.: ಸೇವೆ ಚೆನ್ನಾಗಿದೆ, ಕಾನೂನು ಹಳೆಯದು

ತಂಗಿಯ ಮನೆ ಸಾಲಕ್ಕಾಗಿ ಒಂದು ನಿವೇಶನದ ಋಣಭಾರ ಪ್ರಮಾಣಪತ್ರವನ್ನು, ಎಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು, ಕರ್ನಾಟಕದ ನೋಂದಣಿ ಇಲಾಖೆಯ ಆನ್‌ಲೈನ್ ಸೇವೆಯಲ್ಲಿ ಪಡೆದೆ. ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಪತ್ರಬರಹಗಾರರ ಮೇಜಿನ ಬಳಿ ಅರ್ಧ ದಿನ ಕಾಯುತ್ತಿದ್ದ ನಮ್ಮ ತಂದೆಯ ಕಾಲವನ್ನು ನೆನೆದರೆ, ಡಿಜಿಟಲ್ ಸಹಿಯ ಪ್ರತಿ ಮನೆಗೇ ಬರುವುದು ದೊಡ್ಡ ಉಪಕಾರ. 2004ರ ಏಪ್ರಿಲ್‌ಗಿಂತ ಹಿಂದಿನ ವಹಿವಾಟುಗಳಿಗೆ ಮಾತ್ರ ಕಚೇರಿಯ ಹಳೆಯ ಪುಸ್ತಕಗಳನ್ನೇ ಹುಡುಕಿಸಬೇಕು.

ನಮಗೆ ಬಂದದ್ದು ನಮೂನೆ 15. ವಹಿವಾಟೇ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಬರೆದುಕೊಟ್ಟವರು, ಬರೆಸಿಕೊಂಡವರು, ಪತ್ರದ ಸ್ವರೂಪ, ದಿನಾಂಕ ಎಲ್ಲವೂ ಇದ್ದವು. ಆದರೆ 'ಈ ನಿವೇಶನದ ಒಡೆಯರು ಇವರೇ' ಎಂದು ಖಾತ್ರಿ ಕೊಡುವ ಸಾಲು ಎಲ್ಲೂ ಇರಲಿಲ್ಲ. ಇದು ಇಲಾಖೆಯ ಲೋಪವಲ್ಲ. ಬ್ರಿಟಿಷರು ಬಿಟ್ಟುಹೋದ 1908ರ ನೋಂದಣಿ ಕಾಯ್ದೆ ದಾಖಲಿಸುವುದು ಪತ್ರವನ್ನು, ಒಡೆತನವನ್ನಲ್ಲ; ಮಾರುವವನ ಹಕ್ಕನ್ನು ಕೊಳ್ಳುವವನೇ ಪರೀಕ್ಷಿಸಿಕೊಳ್ಳಲಿ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಪದ್ಧತಿ. ಉಯಿಲಿನ ನೋಂದಣಿ ಇಂದಿಗೂ ಕಡ್ಡಾಯವಲ್ಲ. ವ್ಯಾಪಾರಿ ನಗರಗಳ ಅನುಕೂಲಕ್ಕಾಗಿ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಒಪ್ಪಿಕೊಂಡ ಇನ್ನೊಂದು ಬಗೆಯ ಅಡಮಾನವಿದೆ: ಮೂಲ ಪತ್ರವನ್ನು ಸಾಲಕ್ಕೆ ಭದ್ರತೆಯಾಗಿ ಸಾಲ ಕೊಟ್ಟವರ ಕೈಗೊಪ್ಪಿಸಿದರೆ ಸಾಕು. ಆ ಬಗ್ಗೆ ಯಾವ ಪತ್ರವನ್ನೂ ನೋಂದಾಯಿಸದಿದ್ದರೆ ಇ.ಸಿ.ಯಲ್ಲಿ ಅದರ ಸುಳಿವೂ ಇರುವುದಿಲ್ಲ. ಇದೇ ಇಂಗ್ಲಿಷ್ ಪರಂಪರೆಯ ದಕ್ಷಿಣ ಆಸ್ಟ್ರೇಲಿಯಾ 1858ರಲ್ಲೇ ದಾರಿ ಬದಲಿಸಿ, ರಾಬರ್ಟ್ ಟೊರೆನ್ಸ್ ರೂಪಿಸಿದ ಕಾನೂನಿನ ಮೂಲಕ ಒಡೆತನವನ್ನೇ ನೋಂದಾಯಿಸಿ ಸರ್ಕಾರವೇ ಅದಕ್ಕೆ ಹೊಣೆ ನಿಲ್ಲುವಂತೆ ಮಾಡಿತು.

ಈ ವ್ಯತ್ಯಾಸದ ಬೆಲೆ ಜೇಬಿಗೆ ತಗಲುತ್ತದೆ. ಬ್ಯಾಂಕಿನ ವಕೀಲರು ಮೂವತ್ತು ವರ್ಷಗಳ ಪತ್ರಗಳನ್ನೂ ವಂಶವೃಕ್ಷವನ್ನೂ ಕೇಳಿದರು. ಮುಂದೆ ಈ ನಿವೇಶನ ಕೊಳ್ಳುವವರು ಇದೇ ಹುಡುಕಾಟಕ್ಕೆ ಮತ್ತೆ ಹಣ ತೆರಬೇಕು. ಅಜ್ಜನ ಕಾಲದ ಪತ್ರ ಕಳೆದುಕೊಂಡ ಸಣ್ಣ ರೈತನಿಗೆ, ಜಮೀನು ಕಣ್ಣೆದುರಿಗೇ ಇದ್ದರೂ, ಬ್ಯಾಂಕಿನ ಸಾಲ ದಕ್ಕದೆ ಹೆಚ್ಚು ಬಡ್ಡಿಯ ಕೈಸಾಲವೇ ಗತಿಯಾಗುವುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಸೇವೆಯನ್ನು ಧಾರಾಳವಾಗಿ ಬಳಸಿ, ಆದರೆ ಇ.ಸಿ. ಒಂದನ್ನೇ ನಂಬಿ ಮುಂಗಡ ಕೊಡಬೇಡಿ, ಮೂಲ ಪತ್ರವನ್ನು ಕಣ್ಣಾರೆ ನೋಡಿ. ನಾವು ಹಾಗೆ ಕೇಳಿದಾಗ ಮಾರುವವರು ಮೊದಲು ಜೆರಾಕ್ಸ್ ಪ್ರತಿ ತಂದರು. ಪಟ್ಟು ಹಿಡಿದ ಮೇಲೆ ತಿಳಿಯಿತು, ಮೂಲ ಕ್ರಯಪತ್ರ ಸಾಲವೊಂದರ ಭದ್ರತೆಗೆಂದು ಒಂದು ಸಹಕಾರ ಸಂಘದ ಕಪಾಟಿನಲ್ಲಿತ್ತು.