ಕಾಲೇಜು ಖರ್ಚಿನ ಲೆಕ್ಕವನ್ನು ಮಗಳಿಂದಲೇ ಹಾಕಿಸಿದ ಸಲಹಾ ಸೇವೆ

ಮಗಳ ಶಾಲಾ ಶಿಕ್ಷಣ ಮುಗಿಯಲು ಒಂದು ವರ್ಷವಿದ್ದಾಗ, ಮುಂದೆ ಏನು ಓದಬೇಕು, ಅದಕ್ಕೆ ಹಣವನ್ನು ಹೇಗೆ ಹೊಂದಿಸಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಸಿಗಲೆಂದು ನಾವು ಶಿಕ್ಷಣ ಸಲಹಾ ಸೇವೆಯೊಂದಕ್ಕೆ ಶುಲ್ಕ ಕಟ್ಟಿದೆವು. ಒಟ್ಟು ನಾಲ್ಕು ಭೇಟಿಗಳಿದ್ದವು. ಎರಡನೆಯ ಭೇಟಿಯೊಂದರಿಂದಲೇ ಕೊಟ್ಟ ಹಣ ಸಾರ್ಥಕವಾಯಿತು ಎಂದು ನಾನು ಹೇಳಬಲ್ಲೆ.

ಆ ದಿನ ಸಲಹೆಗಾರ್ತಿ ಪೆನ್ಸಿಲನ್ನು ನಮಗೆ ಕೊಡದೆ ಮಗಳ ಕೈಗೆ ಕೊಟ್ಟರು. ಅವಳು ಮೆಚ್ಚಿದ್ದ ಮೂರು ಕಾಲೇಜುಗಳಿಗೂ ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ಪ್ರಯಾಣಗಳ ವೆಚ್ಚವನ್ನು ಬರೆಸಿ ಕೂಡಿಸಿದರು; ಬಳಿಕ ವಿದ್ಯಾರ್ಥಿವೇತನ, ಶುಲ್ಕ ರಿಯಾಯಿತಿಗಳಂತಹ, ಮರಳಿಸಬೇಕಿಲ್ಲದ ಹಣವನ್ನು ಮಾತ್ರ ಕಳೆಯಿಸಿದರು. ಸಾಲವನ್ನೂ ಕಳೆಯಲು ಹೊರಟಿದ್ದ ಮಗಳನ್ನು ತಡೆದು, "ನೋಡಮ್ಮ, ಸಾಲ ಮಾಡಿದರೆ ಖರ್ಚು ಕಡಿಮೆಯಾಗುವುದಿಲ್ಲ, ಅದು ಮುಂದಕ್ಕೆ ಹೋಗುತ್ತದೆ ಅಷ್ಟೆ" ಎಂದರು. ಅತಿ ದುಬಾರಿಯೆಂದು ನಾವು ಕೈಬಿಡಲಿದ್ದ ಕಾಲೇಜು, ನೆರವನ್ನು ಕಳೆದ ಮೇಲೆ, ಮೂರರಲ್ಲಿ ಅತಿ ಅಗ್ಗದ್ದಾಗಿ ಉಳಿಯಿತು. ಆದರೆ ಆ ವಿದ್ಯಾರ್ಥಿವೇತನ ಪ್ರತಿ ವರ್ಷವೂ ಮುಂದುವರಿಯುತ್ತದೆಯೇ, ಅದಕ್ಕೆ ಇಂತಿಷ್ಟು ಅಂಕ ಬರಲೇಬೇಕೆಂಬ ಷರತ್ತಿದೆಯೇ ಎಂದು ಕಾಲೇಜನ್ನೇ ಬರವಣಿಗೆಯಲ್ಲಿ ಕೇಳುವಂತೆಯೂ ಅವರು ತಿಳಿಸಿದರು.

ಸಾಲದ ವಿವರಣೆಯೂ ಅಷ್ಟೇ ಸ್ಪಷ್ಟವಾಗಿತ್ತು. ವರ್ಷಕ್ಕೆ ಶೇಕಡ 10ರ ಬಡ್ಡಿಗೆ 100 ಸಾಲ ಪಡೆದು ನಾಲ್ಕು ವರ್ಷ ಏನನ್ನೂ ಕಟ್ಟದಿದ್ದರೆ, ಸರಳ ಬಡ್ಡಿಯಲ್ಲಿ ಅದು 140 ಆಗುತ್ತದೆ, ಚಕ್ರಬಡ್ಡಿಯಲ್ಲಿ 146 ದಾಟುತ್ತದೆ. ಓದುತ್ತಿರುವಾಗಲೇ ಬಡ್ಡಿಯನ್ನಷ್ಟು ತೀರಿಸುತ್ತಾ ಹೋದರೆ ಅಸಲು 100ರಲ್ಲೇ ನಿಲ್ಲುತ್ತದೆ. ಇದನ್ನು ಹದಿನೇಳರ ಹುಡುಗಿ ತಾನೇ ಗುಣಿಸಿ ಕಂಡುಕೊಂಡದ್ದು ನನಗೆ ಬಹಳ ಸಮಾಧಾನ ತಂದಿತು, ಏಕೆಂದರೆ ಆ ಸಾಲವನ್ನು ನಾಳೆ ಹೊರಬೇಕಾದವಳು ಅವಳೇ.

ಕೊರತೆಗಳೂ ಇವೆ. ಮೂರನೆಯ ಭೇಟಿ ಉದ್ದನೆಯ ಪ್ರಶ್ನಾವಳಿಯೊಂದರಲ್ಲೇ ಕಳೆದುಹೋಯಿತು. ವೃತ್ತಿಪರ ತರಬೇತಿ, ಸಂಬಳ ಪಡೆಯುತ್ತಲೇ ಕೆಲಸ ಕಲಿಯುವ ಅವಕಾಶಗಳ ಬಗ್ಗೆ ನಾವಾಗಿ ಕೇಳುವವರೆಗೆ ಯಾರೂ ಮಾತೆತ್ತಲಿಲ್ಲ. ಎಲ್ಲ ಮಕ್ಕಳ ದಾರಿಯೂ ಪದವಿಯ ಕಡೆಗೇ ಎಂಬ ಭಾವನೆ ಇಂತಹ ಸೇವೆಗೆ ತಕ್ಕದ್ದಲ್ಲ. ಇದಕ್ಕಿಂತ ದೊಡ್ಡ ತಪ್ಪು ಲೆಕ್ಕದಲ್ಲೇ ಇತ್ತು: ಅವರು ಮೊದಲ ವರ್ಷದ ವೆಚ್ಚವನ್ನು ನೇರವಾಗಿ ನಾಲ್ಕರಿಂದ ಗುಣಿಸಿದ್ದರು. ಮೊದಲ ವರ್ಷದ ವೆಚ್ಚ 100 ಎಂದಿಟ್ಟುಕೊಂಡರೆ, ಅದು ವರ್ಷಕ್ಕೆ ಶೇಕಡ 6ರಷ್ಟು ಏರಿದರೂ ನಾಲ್ಕು ವರ್ಷದ ಒಟ್ಟು ಮೊತ್ತ 400ರ ಬದಲು ಸುಮಾರು 437 ಆಗುತ್ತದೆ. ಮನೆಗೆ ಬಂದ ಮೇಲೆ ಇದು ಗಮನಕ್ಕೆ ಬಂತು. ತಿಳಿಸಿದಾಗ ಅವರು ವಾದಿಸದೆ ಒಪ್ಪಿ, ತಿದ್ದಿದ ಹಾಳೆಯನ್ನು ಕಳುಹಿಸಿದರು.

ಕೊನೆಯ ಭೇಟಿಯಲ್ಲಿ ಅರ್ಜಿಗಳ ಗಡುವನ್ನೂ ಬೇಕಾದ ಆದಾಯ ದಾಖಲೆಗಳನ್ನೂ ಪಟ್ಟಿ ಮಾಡಿಕೊಟ್ಟರು. ಶಾಲೆ ಮುಗಿಯಲು ಇನ್ನೂ ಎರಡು ವರ್ಷವಿರುವವರು ನಾಲ್ಕೂ ಭೇಟಿಗಳನ್ನು ಪಡೆಯಬಹುದು. ಕೆಲವೇ ತಿಂಗಳು ಉಳಿದಿರುವವರು ಎರಡನೆಯದನ್ನೂ ನಾಲ್ಕನೆಯದನ್ನೂ ಮಾತ್ರ ಕೇಳಿ ಪಡೆಯುವುದು ಒಳ್ಳೆಯದು.