ಕೋಟೆಡ್ ತಂತಿ ಬಾಳಿಕೆ ಬರುತ್ತದೆ, ನನ್ನ ತಕರಾರೂ ಅದೇ

ಅಕೌಸ್ಟಿಕ್ ಗಿಟಾರಿಗೆ ಕೋಟೆಡ್ ತಂತಿ, ಅಂದರೆ ಮೇಲೆ ತೆಳು ಪದರ ಇರುವ ತಂತಿ ಹಾಕಿದರೆ ತಿಂಗಳುಗಟ್ಟಲೆ ತಲೆನೋವು ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೌದು, ತಲೆನೋವು ಇಲ್ಲ. ನಾನೂ ಕೆಲವು ವರ್ಷ ಅದನ್ನೇ ಹಾಕಿಕೊಂಡು ನುಡಿಸಿದೆ. ಈಗ ದಿನಾ ಕೈಗೆತ್ತಿಕೊಳ್ಳುವ ಗಿಟಾರಿನಿಂದ ಅದನ್ನು ತೆಗೆದುಬಿಟ್ಟಿದ್ದೇನೆ.

ಮೊದಲು ನನ್ನ ಕೈಯ ವಿಷಯ ಹೇಳಬೇಕು. ನನ್ನ ಬೆರಳು ಸಿಕ್ಕಾಪಟ್ಟೆ ಬೆವರುತ್ತವೆ. ಸಾದಾ ಬ್ರಾಂಜ್ ತಂತಿ ನನ್ನ ಕೈಗೆ ಸಿಕ್ಕರೆ ಒಂದೆರಡು ವಾರದಲ್ಲಿ ಮಂಕಾಗುತ್ತದೆ. ದಪ್ಪ ತಂತಿಗಳಲ್ಲಿ ಉಕ್ಕಿನ ಎಳೆಯ ಮೇಲೆ ಇನ್ನೊಂದು ತಂತಿ ಸುತ್ತಿರುತ್ತದಲ್ಲ, ಆ ಸುತ್ತುಗಳ ಸಂದಿಯಲ್ಲಿ ಬೆವರು, ಜಿಡ್ಡು, ಕೊಳೆ ಸೇರಿಕೊಳ್ಳುತ್ತದೆ. ಆಮೇಲೆ ತಂತಿ ಮೊದಲಿನ ಹಾಗೆ ಸಲೀಸಾಗಿ ಕಂಪಿಸುವುದಿಲ್ಲ. ಕೈ ಒಣಗಿರುವವರಿಗೆ ಅದೇ ಸೆಟ್ ಎಷ್ಟೋ ಜಾಸ್ತಿ ದಿನ ಬರುತ್ತದೆ. ಹಾಗಾಗಿ "ಇಷ್ಟು ತಿಂಗಳು ಬಂತು" ಅಂತ ಎಲ್ಲಾದರೂ ಓದಿದರೆ, ಬರೆದವರ ಕೈ ಹೇಗಿದೆ ಅಂತ ಮೊದಲು ಕೇಳಿ.

ಕೋಟೆಡ್ ಅಂದರೆ ತಂತಿಯ ಮೇಲೆ ತೀರಾ ತೆಳುವಾದ ಪ್ಲಾಸ್ಟಿಕ್ ಜಾತಿಯ ಪದರ. ಬೆವರು ಲೋಹಕ್ಕೆ ತಾಗದಂತೆ ಅದು ತಡೆಯುತ್ತದೆ. 1990ರ ದಶಕದಲ್ಲಿ ಇದನ್ನು ಜನಪ್ರಿಯ ಮಾಡಿದ್ದು ಎಲಿಕ್ಸಿರ್. ಗೋರ್-ಟೆಕ್ಸ್ ಬಟ್ಟೆ ತಯಾರಿಸುವ ಕಂಪನಿಯದ್ದೇ ಆ ಬ್ರಾಂಡ್. ಮಳೆಯಲ್ಲಿ ಹಾಕುವ ಜಾಕೆಟ್ಟಿಗೂ ಗಿಟಾರ್ ತಂತಿಗೂ ಒಂದೇ ತವರು! ಈಗ ದೊಡ್ಡ ಕಂಪನಿಗಳೆಲ್ಲ ಕೋಟೆಡ್ ಮಾಡುತ್ತವೆ. ನಾನು ಬಳಸಿದ್ದು ಬೇರೆ ಬೇರೆಯವರದ್ದು. ಈ ತಕರಾರು ಯಾರೊಬ್ಬರ ಮೇಲೂ ಅಲ್ಲ.

ಮೊದಮೊದಲು ಖುಷಿಯಾಗಿದ್ದು ಬಾಳಿಕೆಯಿಂದಲ್ಲ. ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಿಸುವಾಗ ಬೆರಳು ದಪ್ಪ ತಂತಿಯ ಮೇಲೆ ಜಾರಿ ಕೀರ್ ಅನ್ನುತ್ತದಲ್ಲ, ಆ ಶಬ್ದ ತುಂಬಾ ಕಡಿಮೆಯಾಯಿತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ನಾನು ಒಳ್ಳೆಯ ವಾದಕನೇನೋ ಅನ್ನಿಸುತ್ತಿತ್ತು. ಬೆರಳಿಗೆ ಲೋಹದ ವಾಸನೆ ಹತ್ತುವುದೂ ನಿಂತಿತು. ಬೆಲೆ ಸಾದಾ ಸೆಟ್ಟಿನ ಎರಡು ಪಟ್ಟಿನ ಆಸುಪಾಸು. ಅಷ್ಟು ದಿನ ಬರುತ್ತದಲ್ಲ, ಲೆಕ್ಕ ಸರಿಹೋಗುತ್ತದೆ ಅಂತ ಸುಮ್ಮನಿದ್ದೆ.

ಸಣ್ಣ ಕಿರಿಕಿರಿಗಳು ಇದ್ದವು. ತಂತಿ ಮೀಟುವ ಪಿಕ್ ಬೀಳುವ ಜಾಗದಲ್ಲಿ ಪದರ ಕಿತ್ತು ನವಿರಾದ ಬಿಳಿ ಎಳೆಗಳು ಏಳುತ್ತವೆ. ನೋಡಲು ಅಸಹ್ಯ, ನಾದಕ್ಕೆ ಅಷ್ಟೇನೂ ತೊಂದರೆಯಿಲ್ಲ. ಹೊಸದರಲ್ಲೂ ಸಾದಾ ತಂತಿಯ ಝಣಝಣ ಇದಕ್ಕಿಲ್ಲ, ಸ್ವಲ್ಪ ಮುಚ್ಚಿದ ಹಾಗೆ ಕೇಳುತ್ತದೆ. ಇದೂ ಹೋಗಲಿ.

ನನಗೆ ಬೇಜಾರು ತಂದದ್ದು ಕೋಟೆಡ್ ತಂತಿ ಮುದಿಯಾಗುವ ರೀತಿ. ಸಾದಾ ತಂತಿ ಸತ್ತರೆ ಗೊತ್ತಾಗುತ್ತದೆ. ಬಣ್ಣ ಕಪ್ಪಾಗುತ್ತದೆ, ಮುಟ್ಟಿದರೆ ಒರಟು, ನಾದ ಠುಸ್ ಅನ್ನುತ್ತದೆ, ಕಿತ್ತು ಬೇರೆ ಹಾಕುತ್ತೇವೆ. ಕೋಟೆಡ್ ಮಾತ್ರ ಮೇಲೆ ಮಿರಮಿರ ಮಿಂಚುತ್ತಲೇ ಇರುತ್ತದೆ. ಒಳಗೆ ಸವೆತ ನಿಂತಿರುವುದಿಲ್ಲ. ಪದರ ಬೆವರನ್ನು ತಡೆದೀತು, ಫ್ರೆಟ್ಟನ್ನು (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ತಡೆಯಲಾರದು. ಒತ್ತಿ ಒತ್ತಿ ತಂತಿಯ ಅಡಿಯಲ್ಲಿ ಫ್ರೆಟ್ ಕೂರುವ ಜಾಗದಲ್ಲೆಲ್ಲ ಸಣ್ಣ ಹಳ್ಳ ಬೀಳುತ್ತದೆ. ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ. ಆಮೇಲೆ ಖಾಲಿ ತಂತಿ ಟ್ಯೂನರಿನಲ್ಲಿ ಸರಿ ತೋರಿಸುತ್ತದೆ, 12ನೇ ಫ್ರೆಟ್ ಒತ್ತಿದರೆ ಸ್ವರ ಆಚೀಚೆ. ಜಿ ಕಾರ್ಡ್ ಚೆನ್ನಾಗಿದೆ, ಅದೇ ಶ್ರುತಿಯಲ್ಲಿ ಡಿ ಹಿಡಿದರೆ ಏನೋ ಹುಳಿ. ಯಾವ ದಿನ ಕೆಟ್ಟಿತು ಅಂತ ಹೇಳಲು ಆಗುವುದಿಲ್ಲ, ಯಾಕೆಂದರೆ ಕಿವಿಯೂ ತಂತಿಯ ಜೊತೆಗೇ ಹೊಂದಿಕೊಂಡು ಬಂದಿರುತ್ತದೆ.

ಹಳ್ಳ ಬಿದ್ದಿದೆಯೋ ಇಲ್ಲವೋ ನೋಡಲು ತಂತಿಯ ಅಡಿಯಲ್ಲಿ ಉಗುರು ಓಡಿಸಿ. ಮೊದಲ ಕೆಲವು ಫ್ರೆಟ್‌ಗಳ ಮೇಲೆ ಉಗುರು ತಡವರಿಸಿದರೆ ಆ ಸೆಟ್ ಮುಗಿಯಿತು, ಎಷ್ಟೇ ಮಿಂಚಲಿ.

ಇನ್ನೊಂದು ಇದೆ. ತಂತಿ ಬದಲಿಸುವುದು ನನಗೆ ಕೆಲಸವೇ ಅಲ್ಲ, ಇಷ್ಟದ ಹೊತ್ತು. ಎಲ್ಲ ತಂತಿ ಸಡಿಲಿಸಿ, ತಂತಿಯ ಬುಡ ಹಿಡಿದಿಡುವ ಬ್ರಿಡ್ಜ್ ಪಿನ್ ಒಂದೊಂದೇ ಎಬ್ಬಿಸಿ ಸಾಲಾಗಿ ಇಡುತ್ತೇನೆ. ಒಟ್ಟಿಗೆ ಎಲ್ಲವನ್ನೂ ತೆಗೆದರೆ ನೆಕ್ (ಗಿಟಾರಿನ ಕತ್ತು) ಹಾಳಾಗುತ್ತದೆ ಅಂತ ಹೆದರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಏನೂ ಆಗುವುದಿಲ್ಲ. ಫ್ರೆಟ್‌ಗಳ ಪಕ್ಕ ಗಟ್ಟಿಯಾದ ಕೊಳೆಯನ್ನು ಹಳೇ ಹತ್ತಿ ಬಟ್ಟೆಯಿಂದ ಉಜ್ಜುವುದರಲ್ಲಿ ಎಂಥದೋ ಸಮಾಧಾನ. ಶ್ರುತಿ ಕೀಲಿಗಳ ನಟ್ ಸಡಿಲವಾಗಿದೆಯಾ ಅಂತ ತಿರುಗಿಸಿ ನೋಡುತ್ತೇನೆ. ಹೊಸ ತಂತಿಯ ತುದಿಯ ಗುಂಡು ತೂತಿಗೆ ಇಳಿಸಿ, ಪಿನ್ ಕೂರಿಸಿ, ಗುಂಡು ಒಳಗಿನ ಹಲಗೆಗೆ ಕಚ್ಚುವವರೆಗೆ ಮೇಲಕ್ಕೆ ಎಳೆಯುತ್ತೇನೆ. ಇದು ಸರಿ ಕೂತರೆ ಶ್ರುತಿ ಜಾರುವ ಅರ್ಧ ರಗಳೆ ಅಲ್ಲಿಗೇ ಮುಗಿಯುತ್ತದೆ. ಡ್ಯಾಡಾರಿಯೋ ಕಂಪನಿಯ ಸೆಟ್ಟಿನಲ್ಲಿ ಗುಂಡುಗಳಿಗೆ ಬೇರೆ ಬೇರೆ ಬಣ್ಣ ಇರುತ್ತದೆ: ಕೆಂಪು ಎ ತಂತಿ, ಕಪ್ಪು ಡಿ, ಹಸಿರು ಜಿ, ನೇರಳೆ ಬಿ. ಪೊಟ್ಟಣದ ಚೀಟಿ ಓದುವುದನ್ನೇ ಬಿಟ್ಟಿದ್ದೇನೆ. ಕೊನೆಗೆ ಪ್ರತಿ ತಂತಿಯನ್ನೂ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ, ಮತ್ತೆ ಎಳೆದು. ಕೋಟೆಡ್ ಹಾಕಿದ್ದಾಗ ಈ ಸುಖ ಯಾವಾಗಲೋ ಒಮ್ಮೆ. ಗಿಟಾರಿನ ಮೇಲೆ ಧೂಳು ಕೂತಿರುತ್ತಿತ್ತು.

ಈಗ ನಾನು ಹಾಕುವುದು ಪದರವಿಲ್ಲದ ಫಾಸ್ಫರ್ ಬ್ರಾಂಜ್, 11–52 (ತೀರಾ ತೆಳು ತಂತಿ .011 ಇಂಚು, ತೀರಾ ದಪ್ಪದ್ದು .052). ತಾಮ್ರದ ಜೊತೆ ತವರ, ಒಂಚೂರು ಫಾಸ್ಫರಸ್. ಡ್ಯಾಡಾರಿಯೋ 1974ರಲ್ಲಿ ಇದನ್ನು ತಂದಿತು. 80/20 ಅನ್ನುವ ಇನ್ನೊಂದು ಬಗೆಯ ತಂತಿಯಲ್ಲಿ 80 ಪಾಲು ತಾಮ್ರ, 20 ಪಾಲು ಸತು. ಅದು ಇನ್ನೂ ಚುರುಕು, ಆದರೆ ನನ್ನ ಬೆವರಿಗೆ ಬೇಗ ಸೋಲುತ್ತದೆ. ಫಾಸ್ಫರ್ ಬ್ರಾಂಜ್ ನನಗೆ ಇಷ್ಟವಾಗುವುದು ಮೊದಲ ದಿನದ ಝಣಝಣ ಇಳಿದ ಮೇಲೆ. ಆಗ ಬೆಚ್ಚಗೆ, ತುಂಬಿಕೊಂಡು ಕೇಳುತ್ತದೆ. ಆ ಕೆಲವು ದಿನಗಳಿಗಾಗಿಯೇ ಮತ್ತೆ ಮತ್ತೆ ಕೊಳ್ಳುತ್ತೇನೆ. ನುಡಿಸಿದ ಮೇಲೆ ತಂತಿಯ ಅಡಿಗೂ ಬಟ್ಟೆ ತೂರಿಸಿ ಒರೆಸಿದರೆ ಇನ್ನೂ ಸ್ವಲ್ಪ ಜಾಸ್ತಿ ದಿನ ಬರುತ್ತದೆ. ಖರ್ಚು? ಕೋಟೆಡ್‌ಗಿಂತ ಜಾಸ್ತಿಯೇ ಬೀಳುತ್ತದೆ. ಪರವಾಗಿಲ್ಲ.

ಗೇಜ್ (ತಂತಿಯ ದಪ್ಪ) ವಿಷಯದಲ್ಲಿ ಜಾಸ್ತಿ ಯೋಚಿಸಬೇಡಿ. 12–53 ಸೆಟ್ ಶ್ರುತಿಗೆ ಬಂದಾಗ ಗಿಟಾರಿನ ಮೇಲೆ 70 ಕಿಲೋಗಿಂತ ಜಾಸ್ತಿ ಎಳೆತ ಬೀಳುತ್ತದೆ. 11ಕ್ಕೆ ಇಳಿದರೆ ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿಯುವ ಬೆರಳಿಗೆ ಜೀವ ಬರುತ್ತದೆ, ಜೋರಾಗಿ ಸ್ಟ್ರಮ್ ಮಾಡಿದರೆ ಕೆಳಸ್ವರ ಸ್ವಲ್ಪ ತೆಳು. 13ಕ್ಕೆ ಹೋಗುವುದಾದರೆ ನೆಕ್ ಸೆಟಪ್ ಮಾಡಿಸಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗಂತೂ ಉಕ್ಕಿನ ತಂತಿ ಹಾಕಲೇಬೇಡಿ, ಬ್ರಿಡ್ಜ್ ಕಿತ್ತು ಬಂದೀತು.

ಅಪರೂಪಕ್ಕೆ ಮುಟ್ಟುವ ನನ್ನ ಎರಡನೇ ಗಿಟಾರಿನಲ್ಲಿ ಕೋಟೆಡ್ ಇನ್ನೂ ಇದೆ, ಅಲ್ಲಿ ಅದನ್ನು ಮೀರಿಸಿದ್ದಿಲ್ಲ. ಕೋಟೆಡ್ ಹಾಕುವವರು ತೆಳು ತಂತಿಗಳನ್ನು ಬಿಡಿಯಾಗಿಯೂ ತಂದಿಟ್ಟುಕೊಳ್ಳಿ, 11ರ ಸೆಟ್ಟಿಗಾದರೆ .011 ಮತ್ತು .015. ಸುತ್ತಿಲ್ಲದ ಆ ಎರಡೇ ನನ್ನ ಕೈಯಲ್ಲಿ ಮೊದಲು ಕಡಿಯುವುದು, ದುಬಾರಿ ಸೆಟ್ ಪೂರ್ತಿ ಬಿಸಾಡುವ ಅಗತ್ಯವಿಲ್ಲ.